ನೋಡೋಣಕ್ಕನ ಅರ್ಜಿ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ನೋಡೋಣಕ್ಕ. ಸವೆದ ವಾಷರನ್ನೋ ಹರಿದ ಗ್ಯಾಸ್ಕೆಟ್ಟನ್ನೋ ಹಿಡಿದು ಯಾರಾದರೂ ಅವಳ ವರ್ಕ್‌ಶಾಪಿನ ಮೆಟ್ಟಿಲು ಹತ್ತಿ, ಇಂಥದ್ದೊಂದು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರೆ, ಅವಳು ಅದನ್ನು ಬೆರಳುಗಳ ನಡುವೆ ಹಿಸುಕಿ, ಕಿಟಕಿಯ ಬೆಳಕಿಗೆ ಹಿಡಿದು, ಒಮ್ಮೆ ಮೂಸಿಯೂ ನೋಡಿ, ಕೊನೆಗೆ “ನೋಡೋಣ” ಅನ್ನುತ್ತಿದ್ದಳು. ಅಷ್ಟೇ.

ಬೇರೆಯವರ ಬಾಯಲ್ಲಿ ಆ ಮಾತಿಗೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಕಚೇರಿಯಲ್ಲಿ ನೋಡೋಣ ಅಂದರೆ ಫೈಲು ಮೂಲೆ ಸೇರಿತು ಅಂತಲೇ. ಮನೆಯ ಮಾಲೀಕ ನೋಡೋಣ ಅಂದರೆ ಬೇರೆ ಮನೆ ಹುಡುಕಿಕೊಳ್ಳಬೇಕು. ಆದರೆ ಇವಳು ನೋಡೋಣ ಅಂದರೆ ನಿಜವಾಗಿಯೂ ನೋಡುತ್ತಿದ್ದಳು. ಮೂರು ಬಗೆಯ ರಬ್ಬರಿನಲ್ಲಿ ಅಚ್ಚು ಹೊಯ್ದು, ಎಳೆದು, ಹಿಚುಕಿ, ಬಿಸಿನೀರಿಗೆ ಹಾಕಿ, ಸೋತದ್ದಕ್ಕೆಲ್ಲ ದಾರದಲ್ಲಿ ಒಂದು ಚೀಟಿ ಕಟ್ಟಿ ಬಿಸ್ಕತ್ತಿನ ಡಬ್ಬಿಗೆ ಸೇರಿಸುತ್ತಿದ್ದಳು. ಅವಳ ಕಪಾಟಿನಲ್ಲಿ ಅಂಥ ಡಬ್ಬಿಗಳೇ ಹದಿನಾಲ್ಕಿದ್ದವು.

ಅಪ್ಪ ಬಿಟ್ಟುಹೋದದ್ದು ರಬ್ಬರನ್ನು ಅಚ್ಚಿಗೆ ಒತ್ತುವ ಒಂದು ಪ್ರೆಸ್ಸು ಮತ್ತು ಅದನ್ನು ನಡೆಸುವ ದೊಡ್ಡಪ್ಪ. ದೊಡ್ಡಪ್ಪ ಅಂದರೆ ರಕ್ತಸಂಬಂಧವೇನಲ್ಲ. ಅವಳು ಫ್ರಾಕು ಹಾಕುತ್ತಿದ್ದ ಕಾಲದಿಂದ ಆ ಪ್ರೆಸ್ಸಿನ ಹಿಡಿಕೆ ತಿರುಗಿಸುತ್ತ ಬಂದವನು. ದಿನಾ ಬೆಳಿಗ್ಗೆ ಅವಳು ಪ್ರೆಸ್ಸಿನ ತಣ್ಣಗಿನ ಕಬ್ಬಿಣದ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಕಣ್ಣು ಮುಚ್ಚುವವರೆಗೆ ಅವನು ಸ್ವಿಚ್ಚು ಒತ್ತುತ್ತಿರಲಿಲ್ಲ. ಅವಳು ದೇವರಲ್ಲಿ ಏನು ಕೇಳುತ್ತಾಳೆ ಎಂದು ಅವನೂ ಕೇಳಿದವನಲ್ಲ.

ಕೇಳಿಕೊಳ್ಳುವುದು ಬೇಕಾದಷ್ಟಿತ್ತು. ಇವಳಿಂದಲೇ ವಾಷರು ಕೊಳ್ಳುತ್ತಿದ್ದ ಪಂಪಿನ ಕಂಪನಿಯವರು ಸಿದ್ಧ ವಾಷರುಗಳನ್ನು ಮೂಟೆಗಟ್ಟಲೆ ಹೊರಗಿನಿಂದ ತರಿಸತೊಡಗಿದ ಮೇಲೆ ಪ್ರೆಸ್ಸು ವಾರದಲ್ಲಿ ಎರಡು ದಿನ ಓಡಿದರೆ ಹೆಚ್ಚು. ಹಳೆಯ ಯಂತ್ರ ಕೊಳ್ಳುವವನೊಬ್ಬ ಬಂದು ಪ್ರೆಸ್ಸಿನ ಸುತ್ತ ಎರಡು ಸುತ್ತು ಹಾಕಿ, ವರ್ಷದ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಲಾರಿ ತರುತ್ತೇನೆ ಎಂದು ಹೇಳಿಹೋಗಿದ್ದ. ಅವಳು ಬೇಡ ಅನ್ನಲಿಲ್ಲ. ಆ ದಿನ ದೊಡ್ಡಪ್ಪ ಮಧ್ಯಾಹ್ನದ ಬುತ್ತಿ ಬಿಚ್ಚಲೇ ಇಲ್ಲ.

ಅದೇ ತಿಂಗಳು ಆರೋಗ್ಯ ಕೇಂದ್ರದ ನರ್ಸಮ್ಮ ಬಂದಳು. ಲಸಿಕೆ ಒಯ್ಯುವ ತಂಪು ಪೆಟ್ಟಿಗೆಯ ಮುಚ್ಚಳದ ರಬ್ಬರು ಅವಳ ಕೈಯಲ್ಲಿತ್ತು. ದಿನಕ್ಕೆ ನಲವತ್ತು ಸಲ ತೆಗೆದು ಮುಚ್ಚುವ ಪೆಟ್ಟಿಗೆ. ಚಳಿಯಲ್ಲಿ ಅದುಮಿಸಿಕೊಂಡು ಅದುಮಿಸಿಕೊಂಡು ರಬ್ಬರು ಚಪ್ಪಟೆಯಾಗುತ್ತದೆ, ಮತ್ತೆ ಉಬ್ಬುವುದಿಲ್ಲ. ಸಂದಿಯಿಂದ ತಂಪು ಸೋರಿ ಲಸಿಕೆ ಕೆಡುತ್ತದೆ. ಇಂಥ ರಬ್ಬರಿನ ಸಂಶೋಧನೆಗೆಂದೇ ಆರೋಗ್ಯ ಇಲಾಖೆ ಸಣ್ಣ ವರ್ಕ್‌ಶಾಪುಗಳಿಂದ ಅರ್ಜಿ ಕರೆದಿದೆ, ದೊಡ್ಡ ಕಂಪನಿಗಳಿಗೆ ಅದರಲ್ಲಿ ಪ್ರವೇಶವೇ ಇಲ್ಲ ಎಂದು ಹೇಳಿ, ನಾಲ್ಕು ಮಡಿಕೆಯ ಪ್ರಕಟಣೆಯೊಂದನ್ನೂ ನರ್ಸಮ್ಮ ಮೇಜಿನ ಮೇಲಿಟ್ಟಳು.

ಅರ್ಜಿ ತುಂಬಿದ್ದು ಮಹಡಿಯ ಮೇಲಿದ್ದ ತಮ್ಮ. ಅವನು ವಿಮೆ ಮಾರುವವನು. ಆಗಲ್ಲ ಅನ್ನುವ ಮಾತನ್ನು ನಾಲಿಗೆಗೆ ಕಲಿಸಿಯೇ ಇರಲಿಲ್ಲ. “ಅಕ್ಕ, ನೀನು ಸುಮ್ನೆ ಸಹಿ ಹಾಕು. ಸರ್ಕಾರಕ್ಕೆ ನೋಡೋಣ ಗೀಡೋಣ ಅಂತ ಬರೆದ್ರೆ ಮೂಸಿನೂ ನೋಡಲ್ಲ” ಎಂದು ಕುಳಿತ. ನಮ್ಮ ರಬ್ಬರಿಗೆ ಸಾಟಿಯಿಲ್ಲ, ಫಲಿತಾಂಶ ನೂರಕ್ಕೆ ನೂರು ಖಾತ್ರಿ ಎಂದು ಹಾಳೆ ತುಂಬಿಸಿದ. ಏಳನೆಯ ಪ್ರಶ್ನೆ ಹೀಗಿತ್ತು: ಈ ವಿಷಯದಲ್ಲಿ ನಿಮಗೆ ಇನ್ನೂ ತಿಳಿಯದಿರುವುದು ಏನು? ತಮ್ಮ ಅಂದವಾದ ಅಕ್ಷರದಲ್ಲಿ ‘ಏನೂ ಇಲ್ಲ’ ಎಂದು ಬರೆದ.

ಎರಡು ತಿಂಗಳಿಗೆ ಅರ್ಜಿ ತಿರಸ್ಕೃತವಾಗಿ ಬಂತು. ತಮ್ಮ ಇಲಾಖೆಯವರಿಗೆಲ್ಲ ಒಂದು ಸುತ್ತು ಶಾಪ ಹಾಕಿದ. ಅವಳು ಮಾತ್ರ ಆ ಪತ್ರವನ್ನೂ ಸೋತ ವಾಷರಿನಂತೆ ಬೆಳಕಿಗೆ ಹಿಡಿದು ಓದಿದಳು. ಕೆಳಗೆ, ಸಂದೇಹವಿದ್ದವರು ಬಂದು ಕೇಳಬಹುದು ಎಂದಿತ್ತು. ಹಾಗೆ ಬರೆದಿರುವುದು ಬರಲೆಂದಲ್ಲ ಎಂದು ತಮ್ಮ ನಕ್ಕ. ಮರುದಿನವೇ ಅವಳು ಬಸ್ಸು ಹತ್ತಿದಳು.

ಅಧಿಕಾರಿಣಿ ನಡುವಯಸ್ಸಿನವಳು. ಹಾಳೆ ತಿರುವಿ ಏಳನೆಯ ಪ್ರಶ್ನೆಯ ಮೇಲೆ ಬೆರಳಿಟ್ಟಳು.

“ಎಲ್ಲಾ ಗೊತ್ತಿದ್ರೆ ಸಂಶೋಧನೆ ಯಾಕಮ್ಮಾ? ಅಂಗಡೀಲಿ ಮಾರಬಹುದಲ್ಲ?”

“ನನಗೆಲ್ಲಿ ಗೊತ್ತು ಮೇಡಂ. ಆ ಮುಚ್ಚಳಕ್ಕೇ ಹನ್ನೊಂದು ಥರ ಮಾಡಿದೀನಿ, ಹನ್ನೊಂದೂ ಕೆಟ್ಟಿದೆ” ಎಂದು ಅವಳು ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ದಾರ ಕಟ್ಟಿದ ಹನ್ನೊಂದು ಉಂಗುರ. ಯಾವ ರಬ್ಬರು, ಎಷ್ಟು ದಿನ ಚಳಿಯಲ್ಲಿತ್ತು, ಎಷ್ಟು ಚಪ್ಪಟೆಯಾಯಿತು ಎಂಬುದೆಲ್ಲ ಚೀಟಿಗಳಲ್ಲಿತ್ತು.

ಅಧಿಕಾರಿಣಿ ಒಂದೊಂದನ್ನೇ ಎತ್ತಿ ಓದಿದಳು. ಕೊನೆಯದನ್ನು ಕೆಳಗಿಟ್ಟು, “ಇದು ಅರ್ಜೀಲಿ ಎಲ್ಲೂ ಇಲ್ಲವಲ್ಲ” ಅಂದಳು.

“ಕೆಟ್ಟಿದ್ದನ್ನ ಯಾರಾದ್ರೂ ತೋರಿಸ್ತಾರಾ ಮೇಡಂ?”

“ಇಲ್ಲಿ ತೋರಿಸಬೇಕು.”

ಆಮೇಲೆ ಅಧಿಕಾರಿಣಿ ಬಿಡಿಸಿ ಹೇಳಿದಳು. ಇಲಾಖೆ ಹಣ ಕೊಟ್ಟು ಮಾಡಿಸುವ ಈ ಸಂಶೋಧನೆಯ ಗುತ್ತಿಗೆಗೆ ಎರಡು ಮೆಟ್ಟಿಲು. ಮೊದಲ ಆರು ತಿಂಗಳು, ಉಪಾಯ ಫಲಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕೆ ಮಾತ್ರ. ಸರಿಯಾಗಿ ಪರೀಕ್ಷಿಸಿ, ಆಗುವುದಿಲ್ಲ ಎಂದು ತೋರಿಸಿಕೊಟ್ಟರೂ ಕೆಲಸ ಮುಗಿಸಿದಂತೆಯೇ. ಆಗುತ್ತದೆಂದು ಕಂಡರೆ ಎರಡನೆಯ ಮೆಟ್ಟಿಲಲ್ಲಿ ನಿಜವಾದ ಮುಚ್ಚಳಕ್ಕೆ ಕೂರಿಸುವ ಕೆಲಸ. ಕಂಡುಹಿಡಿದದ್ದರ ಹಕ್ಕು ವರ್ಕ್‌ಶಾಪಿನದೇ. ಅರ್ಜಿಯಲ್ಲಿ ಹೊಗಳಿಕೆ ಬೇಡ. ಯಾರಿಗೆ ಬೇಕು, ಇಲ್ಲಿಯವರೆಗೆ ಏನು ಮಾಡಿದಿರಿ, ಏನು ಗೊತ್ತಿಲ್ಲ, ಅದನ್ನು ಹೇಗೆ ತಿಳಿಯುತ್ತೀರಿ, ಯಾವ ದಿನ ತಿಳಿಯುತ್ತದೆ, ಇಷ್ಟಿರಲಿ. ಮುಂದಿನ ಸಲ ಕಳುಹಿಸಲು ಇನ್ನು ಐದು ವಾರವಿದೆ.

ಮನೆಗೆ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಅವಳು ಒಬ್ಬಳೇ ನಕ್ಕಳು. ಇಡೀ ಜನ್ಮ ಯಾವ ಮಾತಿಗಾಗಿ ಬೀದಿಯವರೆಲ್ಲ ಹಾಸ್ಯ ಮಾಡಿದ್ದರೋ, ಸರ್ಕಾರ ಆರು ತಿಂಗಳ ಗುತ್ತಿಗೆ ಕೊಡುವುದು ಆ ಮಾತಿಗೇ.

ಐದು ವಾರ ಅವಳ ಮನೆಯ ಫ್ರಿಜ್ಜಿನಲ್ಲಿ ತರಕಾರಿಗೆ ಜಾಗವಿರಲಿಲ್ಲ. ಎರಡೆರಡು ಉಕ್ಕಿನ ಪಟ್ಟಿಗಳ ನಡುವೆ ಉಂಗುರ ಇಟ್ಟು ಬೋಲ್ಟು ಬಿಗಿದು ಸಾಲಾಗಿ ಜೋಡಿಸಿದ್ದಳು. ಈ ಮನೆಯಲ್ಲಿ ಹಾಲು ತೆಗೆಯಲಿಕ್ಕೂ ಸ್ಪ್ಯಾನರ್ ಬೇಕು ಎಂದು ತಮ್ಮ ಗೊಣಗುತ್ತಿದ್ದ. ಗೊಣಗಿದರೂ ಅರ್ಜಿಯನ್ನು ಅವನೇ ಬರೆದ, ಈ ಸಲ ಅಕ್ಕ ಹೇಳಿದಂತೆ. ‘ಖಾತ್ರಿ’ ಎಂಬ ಪದ ಬಂದಲ್ಲೆಲ್ಲ ಅವಳು ಹೊಡೆದುಹಾಕಿದಳು. ಹೊಡೆದಾಗೆಲ್ಲ ಅವನು ತನ್ನ ಹಲ್ಲು ಕಿತ್ತಂತೆ ಮುಖ ಮಾಡಿದ. ಏಳನೆಯ ಉತ್ತರವೇ ಎರಡು ಪುಟವಾಯಿತು. ತನ್ನ ಕಷ್ಟವನ್ನು ವಿವರಿಸಿ ನರ್ಸಮ್ಮ ಒಂದು ಪತ್ರ ಬರೆದು ಲಗತ್ತಿಸಿದಳು.

ಸಂದರ್ಶನಕ್ಕೆ ಅಕ್ಕತಮ್ಮ ಇಬ್ಬರೂ ಹೋದರು. ಮೇಜಿನಾಚೆ ಮೂವರು ಪರೀಕ್ಷಕರು. ನಡುವಿನ ಹಿರಿಯರು ಅವಳು ಹೊಸದಾಗಿ ಮಾಡಿದ್ದ ಹನ್ನೆರಡನೆಯ ಉಂಗುರವನ್ನು ಬೆರಳಿನಲ್ಲಿ ಹಿಸುಕುತ್ತ ಕನ್ನಡಕದ ಮೇಲಿನಿಂದ ನೋಡಿದರು.

“ಒಂದೇ ಮಾತಲ್ಲಿ ಹೇಳಿ. ಇದು ಆಗುತ್ತಾ?”

ಮೇಜಿನ ಕೆಳಗೆ ತಮ್ಮ ಅವಳ ಕಾಲು ತುಳಿದ. ಹೊರಗೆ ವರ್ಷ ಮುಗಿಯಲು ಹದಿನೆಂಟು ದಿನ ಉಳಿದಿತ್ತು. ಲಾರಿಯೂ ದೊಡ್ಡಪ್ಪನ ಬಿಚ್ಚದ ಬುತ್ತಿಯೂ ಅವಳ ಕಣ್ಣ ಮುಂದೆ ಬಂದವು. ಆಗುತ್ತೆ ಎಂಬ ಮಾತು ಅವಳ ಗಂಟಲವರೆಗೂ ಬಂತು.

“ನೋಡೋಣ ಸರ್” ಅಂದಳು.

ತಮ್ಮ ಕಣ್ಣು ಮುಚ್ಚಿಕೊಂಡ.

“ಅದುಮಿ ಚಳೀಲಿ ನಲವತ್ತು ದಿನ ಇಡ್ತೀನಿ. ಬಿಚ್ಚಿದ ಮೇಲೆ ಮೊದಲಿನಷ್ಟೇ ದಪ್ಪಕ್ಕೆ ಬಂದ್ರೆ ಆಗುತ್ತೆ. ಬರದಿದ್ರೆ ಆಗಲ್ಲ ಅಂತ ನಾನೇ ಬರ್ಕೊಡ್ತೀನಿ. ಇವತ್ತೇ ಆಗುತ್ತೆ ಅಂದ್ರೆ ಸುಳ್ಳಾಗುತ್ತೆ, ಅದನ್ನ ನಂಬಿ ನರ್ಸಮ್ಮ ಪೆಟ್ಟಿಗೆ ಹೊತ್ಕೊಂಡು ಹೋಗ್ತಾಳೆ.”

ಹಿರಿಯರು ಉಂಗುರವನ್ನು ಜೋಪಾನವಾಗಿ ಡಬ್ಬಿಗೆ ಹಾಕಿ, ಚೀಟಿಯ ದಾರ ಸಿಕ್ಕಾಗದಂತೆ ಸರಿಮಾಡಿ ಮುಚ್ಚಳ ಹಾಕಿದರು.

ವರ್ಷದ ಕೊನೆಯ ದಿನ ಲಾರಿ ಬಂತು. ಪತ್ರ ಅದಕ್ಕಿಂತ ಎರಡು ದಿನ ಮೊದಲೇ ಬಂದಿತ್ತು. ಮೊದಲ ಮೆಟ್ಟಿಲು, ಆರು ತಿಂಗಳು. ಅದನ್ನು ಓದಿ ಹೇಳಿದಾಗ ದೊಡ್ಡಪ್ಪ ಎಣ್ಣೆಯ ಬಟ್ಟೆ ತೆಗೆದುಕೊಂಡು ಪ್ರೆಸ್ಸು ಒರೆಸಲು ನಿಂತಿದ್ದ, ಇನ್ನೂ ಒರೆಸುತ್ತಲೇ ಇದ್ದ. ಆರು ತಿಂಗಳ ಮೇಲೆ ಏನು ಎಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಇಲ್ಲ.

ಯಂತ್ರ ಕೊಳ್ಳುವವನು ಬಾಗಿಲಲ್ಲೇ ನಿಂತು ಮಿರುಗುತ್ತಿದ್ದ ಪ್ರೆಸ್ಸನ್ನು ನೋಡಿದ. “ಹಾಗಾದ್ರೆ ಮುಂದಿನ ವರ್ಷ ಕೊಡ್ತೀರಾ ಅಕ್ಕ?” ಎಂದು ಕೇಳಿದ.

“ನೋಡೋಣ” ಅಂದಳು ಅವಳು.

ದೊಡ್ಡಪ್ಪ ತಲೆ ಎತ್ತಿ ಅವಳ ಮುಖ ನೋಡಿದ. ಬೇರೆಯವರೆಲ್ಲ ಅನ್ನುವ ಅರ್ಥದಲ್ಲಿ ಅವಳು ಆ ಮಾತು ಅಂದದ್ದು ಅದೇ ಮೊದಲು. ಅವನು ಬಟ್ಟೆ ಮಡಚಿಟ್ಟು, ಕೈ ತೊಳೆದು, ಬುತ್ತಿ ಬಿಚ್ಚಿದ.