ಶ್ರಾವಣದ ಸೀನು

ಸೀನು ಬಂದರೆ ನಾನೀಗ ಗೋಡೆಯ ಕಡೆ ತಿರುಗುತ್ತೇನೆ, ನಾಚಿಕೆಯಿಂದ. ಕಾರಣ ಹೇಳುವಾಗ ವಾದಕ್ಕಿಳಿಯುವುದಿಲ್ಲ ಎಂದು ಮಾತು ಕೊಟ್ಟರೆ ನಂಬಬೇಡಿ. ಹಾವೇರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಗೆದ್ದು ಕೆಟ್ಟವನು ನಾನು. ಪರವೋ ವಿರೋಧವೋ, ಚೀಟಿಯಲ್ಲಿ ಬಂದ ಪಕ್ಷವೇ ಸತ್ಯವೆಂದು ನಂಬಿಸುವುದೇ ನನ್ನ ವಿದ್ಯೆ.

ನಮ್ಮ ಬ್ಯಾಡಗಿಯಲ್ಲಿ ಶಟಲ್ ಆಡುವ ತಗಡಿನ ಶೆಡ್ಡು ಮೊದಲು ಮೆಣಸಿನಕಾಯಿ ಗೋದಾಮಾಗಿತ್ತು. ಸುಗ್ಗಿಯಲ್ಲಿ ಮಾರುಕಟ್ಟೆಯ ಘಾಟು ಈಗಲೂ ಹಳೆಯ ಹಕ್ಕಿನಿಂದ ಒಳಗೆ ಬರುತ್ತದೆ. ಹೀಗಾಗಿ ಬೇರೆಲ್ಲೂ ಇರಲಾರದ ಕಟ್ಟಳೆಯೊಂದು ನಮ್ಮಲ್ಲಿದೆ: ಆಡುವಾಗ ಯಾರಾದರೂ ಸೀನಿದರೆ ಆ ಪಾಯಿಂಟು ರದ್ದು, ಮತ್ತೆ ಸರ್ವಿಸು. ಒಂಟಿ ಸೀನಿಗೆ ಹೆದರಿ ಹೊಸ್ತಿಲಲ್ಲೇ ಕೂರುವವರನ್ನು ಗೇಲಿ ಮಾಡುವ ನಾನು ಈ ಸೀನನ್ನು ಮಾತ್ರ ಗೌರವಿಸುತ್ತೇನೆ. ಇದಕ್ಕೆ ಆಧಾರವಿದೆ, ಮೂಗಿನಲ್ಲೇ.

ನನ್ನ ತಂದೆಯ ಅಕ್ಕ ಗಿರಿಜತ್ತೆ ಈ ಶೆಡ್ಡಿನ ಹಳೇ ಹುಲಿ. ಅರವತ್ತು ದಾಟಿದ ಮೇಲೆ ಎಡ ಮೊಣಕಾಲು ಸವೆದು, ಅದನ್ನು ಬದಲಿಸಬೇಕಾಯಿತು. ತಿಂಗಳುಗಟ್ಟಲೆ ಹಲ್ಲು ಕಚ್ಚಿ ವ್ಯಾಯಾಮ ಮಾಡಿದಳು. ಕೊನೆಗೆ ರಾಣೆಬೆನ್ನೂರಿನ ಡಾಕ್ಟರು, ಜಿಗಿಯುವಂತಿಲ್ಲ, ಜೋಡಿಯಾಟ ಮಾತ್ರ ಆಡಬಹುದು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಮೋಟೆಬೆನ್ನೂರು ಬರುವವರೆಗೂ ನಾನು ವಿರೋಧ ಪಕ್ಷ ವಹಿಸಿ ಮಾತಾಡಿದೆ. ಜಾರಿದರೆ? ಬಿದ್ದರೆ? ಅತ್ತೆ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಮುಗೀತೇನ್ ನಿನ್ ಭಾಷಣ? ನಾಳೆ ನೀನ ನನ್ನ ಪಾರ್ಟ್ನರ್."

ವಾದದಲ್ಲಿ ಸೋತವನು ಸಂಚಿಗಿಳಿದೆ. ಎದುರಾಳಿಗಳು ರಫೀಕ್ ಕಾಕಾ ಮತ್ತು ಅವರ ಮಗಳು ಶಬಾನಾ. ಅತ್ತೆ ಓಡಬೇಕಾದಂಥ ಹೊಡೆತ ಬಿತ್ತೋ, ಯಾರಾದರೊಬ್ಬರು ಸೀನಿಬಿಡಬೇಕೆಂದು ಅವರನ್ನು ಒಪ್ಪಿಸಿದೆ.

"ಅಕ್ಕಾರಿಗೆ ಗೊತ್ತಾದ್ರ ಅವರ ಮನ್ಯಾಗ ನನ್ನ ಚಾ ಬಂದ್ ಆಕ್ಕೇತಿ ನೋಡಪಾ," ಎಂದು ಕಾಕಾ ತಲೆ ಕೆರೆದುಕೊಂಡರು. ಕರುಣೆಯಿಂದ ಆಡಿದ ಸುಳ್ಳು ಹೇಗೆ ಸುಳ್ಳಲ್ಲ ಎಂಬುದನ್ನು ನಾನು ಸವಿಸ್ತಾರವಾಗಿ ಸಾಧಿಸಿದೆ.

ಮರುದಿನ ಆಟ. ಶಟಲ್ ನೆಟ್ಟಿನ ಬುಡಕ್ಕೆ ಬಿತ್ತು, ಕಾಕಾ ಸೀನಿದರು. ಹಿಂದಿನ ಮೂಲೆಗೆ ಹೋಯಿತು, ಶಬಾನಾ ಸೀನಿದಳು. ಅತ್ತೆ ತಡವರಿಸಿದಾಗ ನಾನೇ ಸೀನಿದೆ, ಖಾತರಿಗಿರಲಿ ಎಂದು ಇನ್ನೊಮ್ಮೆಯೂ.

ಅತ್ತೆ ರಾಕೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಿಂತುಬಿಟ್ಟಳು. ತಗಡಿನ ಮೇಲೆ ಶ್ರಾವಣದ ಮಳೆ.

"ಸುಗ್ಗಿ ಮುಗದು ಎಷ್ಟ್ ದಿನಾತು. ಈ ಮಳ್ಯಾಗ ಘಾಟು ಎಲ್ಲಿಂದ ಬಂತಲೇ ತಮ್ಮಾ?"

ನಮ್ಮ ಹಳೆಯ ತಾರ್ಕಿಕರು ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುತ್ತಿದ್ದರಂತೆ. ಅತ್ತೆ ಸೀನು ಕೇಳಿ ಮೆಣಸಿನಕಾಯಿ ಹುಡುಕಿದಳು, ಸಿಗಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಸಿಕ್ಕಿಬಿದ್ದವರು ನೀರು ಕುಡಿಯುತ್ತಾರೆ. ನಾನೂ ಕುಡಿದೆ.

"ನೆಗಡಿರೀ ಅಕ್ಕಾರ," ಎಂದರು ಕಾಕಾ.

"ಮೂರೂ ಮಂದಿಗೆ ಒಮ್ಮೆಲೇ?" ಆಮೇಲೆ ಅವಳ ದನಿ ಇಳಿಯಿತು. "ಇಷ್ಟ್ ದಿನಾ ಎಲ್ಲಾರೂ ನನ್ನ ಕೈ ಹಿಡದು ನಡಸೀರಿ. ಈಗರ ಬಿಡ್ರಿ. ಸೋಲಾಕರ ಬಿಡ್ರಿ. ಸೋತ್ರ ಆಡಿದಂಗ ಆಕ್ಕೇತಿ. ಇದೇನ್ ಆಟಾನೋ ಆಸ್ಪತ್ರಿನೋ?"

ಆ ಮೊಣಕಾಲಿನ ಬಗ್ಗೆ ಅಷ್ಟೆಲ್ಲ ವಾದಿಸಿದ ನಾನು, ಅದು ಯಾರ ಮೊಣಕಾಲು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾನು ಹೆದರಿದ್ದು ಅವಳು ಬೀಳುತ್ತಾಳೆಂದೋ, ಬಿದ್ದಾಗ ನಾನು ಉತ್ತರ ಹೇಳಬೇಕಾಗುತ್ತದೆಂದೋ? ಎರಡನೆಯದೇ ಇರಬೇಕು. ಅವಳ ಮುಖ ನೋಡಲಾಗದೆ ಶೂಗಳ ಲಾಡಿ ಬಿಚ್ಚಿ ಮತ್ತೆ ಕಟ್ಟಿದೆ.

ಆ ಸಂಜೆ ಹೀನಾಯವಾಗಿ ಸೋತೆವು. ಅತ್ತೆ ಜಿಗಿಯಲಿಲ್ಲ. ಕೈಗೆಟುಕದ್ದನ್ನು ಬಿಟ್ಟಳು, ಎಟುಕಿದ್ದನ್ನು ಬಿಡಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಒಂದೇ ಖುಷಿ: "ಶಬಾನಾನ ಬ್ಯಾಕ್‌ಹ್ಯಾಂಡ್ ಕಚ್ಚಾ ಐತಿ. ನಾಳೆ ಅಲ್ಲೇ ಹಾಕೂಣು."

ಈಗ ಸುಗ್ಗಿ ಬಂದಿದೆ, ಶೆಡ್ಡಿನಲ್ಲಿ ಘಾಟು ತುಂಬಿದೆ. ನಿನ್ನೆ ಅತ್ತೆ ನನ್ನನ್ನು ಬಿಟ್ಟು ಶಬಾನಾಳ ಜೊತೆಗೂಡಿ ನನ್ನೆದುರಿಗೇ ನಿಂತಿದ್ದಳು. ಶಟಲ್ಲನ್ನು ನೆಟ್ಟನ್ನು ಸವರಿದಂತೆ ಈಚೆ ಇಳಿಸಿದಳು. ನಾನು ಓಡಿದೆ. ಅಷ್ಟರಲ್ಲೇ ಸೀನು ಬಂತು, ಖರೇ ಸೀನು, ಕಣ್ಣಲ್ಲಿ ನೀರು ತರಿಸುವಂಥದ್ದು. ಕಟ್ಟಳೆ ನನ್ನ ಪರ, ಋತುವೂ ನನ್ನ ಪರ. ಪಾಯಿಂಟು ರದ್ದೆನ್ನಲು ಬಾಯಿ ತೆರೆದೆ. ನೆಟ್ಟಿನಾಚೆ ಅತ್ತೆ ಹುಬ್ಬೇರಿಸಿ ಕಾಯುತ್ತಿದ್ದಳು.

"ಪಾಯಿಂಟ್ ನಿಂದು, ಅತ್ತೀ," ಎಂದೆ.