ಎಡಗೈ ಸುತ್ತಿದ ದಾರ

ದೆವ್ವ, ಭೂತ, ಕನಸಿನ ಸೂಚನೆ ಎಂಬ ಮಾತು ಬಂದರೆ ನಾನು ಎದ್ದು ಹೋಗುವ ಗಿರಾಕಿ. ದೋಹಾದ ನಜ್ಮಾ ಬಡಾವಣೆಯ ನಮ್ಮ ರೂಮಿನಲ್ಲಿ ಆರು ಜನ ಇದ್ದೆವು. ಊಟವಾದ ಮೇಲೆ ಯಾರಾದರೊಬ್ಬರು ತಮ್ಮೂರಿನ ಹಾಳು ಬಾವಿಯ ಕತೆ ತೆಗೆದರೆ ಸಾಕು, "ಲೊಕೇಶನ್ ಕಳ್ಸ್ ಮರಾಯ, ಹೋಗಿ ಕಾಂಬ" ಎಂದು ಛೇಡಿಸುತ್ತಿದ್ದೆ. ನಾನು ಸ್ಟೋರ್ ಕೀಪರ್. ಗೋದಾಮಿನಲ್ಲಿ ಒಂದು ವಸ್ತು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ, ಮೂರನೆಯ ಮಾತಿಲ್ಲ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ಮೊದಲು ನಗುತ್ತಿದ್ದವನು ನಾನೇ. ಆದ್ದರಿಂದ ನೀವು ನಕ್ಕರೆ ನನಗೆ ಬೇಸರವಿಲ್ಲ.

ಆರು ವರ್ಷದ ಹಿಂದಿನ ಮಾತು. ಕತಾರಿನಲ್ಲಿ ನನಗೆ ಪರಿಚಯದವರು ನೂರು ಜನ ಇದ್ದರು, ಗೆಳೆಯ ಎಂದು ಇದ್ದವನು ಸುಧಾಕರ ಒಬ್ಬನೇ. ಇಬ್ಬರೂ ಕುಂದಾಪುರದ ಕಡೆಯವರು. ನನ್ನ ಊರಿಗೂ ಅವನ ಊರಿಗೂ ನಡುವೆ ಒಂದು ಹೊಳೆ ಅಷ್ಟೆ. ಇಬ್ಬರ ಅಪ್ಪಂದಿರೂ ದೋಣಿಗೆ ಹೋದವರು. ಮಕ್ಕಳು ಮಾತ್ರ ಏಸಿಯಲ್ಲಿ ಕೂತು ಕಂಪ್ಯೂಟರ್ ಒತ್ತುವವರಾದೆವು. ಅವನಿದ್ದದ್ದು ದೋಹಾದ ಇನ್ನೊಂದು ಬಡಾವಣೆ ಬಿನ್ ಮಹಮೂದಿನಲ್ಲಿ, ಕಂಪೆನಿ ಕೊಟ್ಟ ಫ್ಲ್ಯಾಟಿನಲ್ಲಿ. ವಾರವಿಡೀ ಫೋನಿನಲ್ಲಷ್ಟೇ ಮಾತು. ವಾರದ ರಜೆ ಶುಕ್ರವಾರ, ಅವತ್ತು ಬೆಳಿಗ್ಗೆ ಮಾತ್ರ ಇಬ್ಬರೂ ಗಾಳ ಹಿಡಿದುಕೊಂಡು ಕಡಲಿಗೆ ಹೋಗುತ್ತಿದ್ದೆವು. ಚಳಿಗಾಲದ ಒಂದು ಶುಕ್ರವಾರವನ್ನೂ ಮೂರು ವರ್ಷ ತಪ್ಪಿಸಿದವರಲ್ಲ.

ಗಾಳ ಎಂದರೆ ಅಂಗಡಿಯ ರಾಡು, ರೀಲು ಅಂದುಕೊಳ್ಳಬೇಡಿ. ಅಂಗೈಯಗಲದ ಪ್ಲೈವುಡ್ ತುಂಡು, ಅದರ ಎರಡು ತುದಿಗೆ ಕಚ್ಚು, ಅದಕ್ಕೆ ಸುತ್ತಿದ ನೈಲಾನ್ ದಾರ, ಭಾರಕ್ಕೆ ತುಕ್ಕು ಹಿಡಿದ ನಟ್ಟು, ಕೊಕ್ಕೆಗೆ ಸಿಗಡಿಯ ಚೂರು. ಇಷ್ಟೇ. ದೋಹಾದಿಂದ ಉತ್ತರಕ್ಕೆ ಮುಕ್ಕಾಲು ಗಂಟೆ ಹೋದರೆ ಬಳಕೆ ತಪ್ಪಿದ, ಕಡಲೊಳಕ್ಕೆ ಚಾಚಿದ ಒಂದು ಹಳೆಯ ಜೆಟ್ಟಿ ಇತ್ತು. ಅದರ ಕಾಂಕ್ರೀಟ್ ನೆಲದಲ್ಲಿ, ನಾಲ್ಕು ಹೆಜ್ಜೆ ಅಂತರದಲ್ಲಿ, ಎರಡು ಚೌಕದ ತೂತುಗಳು. ಮುಚ್ಚಳ ಎಂದೋ ಹೋಗಿತ್ತು. ಒಬ್ಬೊಬ್ಬರು ಒಂದೊಂದು ತೂತಿನ ಪಕ್ಕ ಬಕೆಟ್ ಬೋರಲು ಹಾಕಿ ಕೂತು, ಸೀದಾ ಕೆಳಕ್ಕೆ ದಾರ ಇಳಿಸುತ್ತಿದ್ದೆವು. ಕಂಬದ ನೆರಳಿಗೆ ಹಮೂರ್ ಬಂದು ನಿಲ್ಲುತ್ತಿತ್ತು. ನಮ್ಮ ಊರಿನ ಮುರು ಮೀನೇ ಅದು.

ಆ ವರ್ಷ ಸುಧಾಕರನಿಗೆ ಒಂದು ಹುಚ್ಚು ಹಿಡಿದಿತ್ತು. ಮೀನು ಕಚ್ಚದ ಹೊತ್ತಿನಲ್ಲಿ ಫೋನು ತೆಗೆದು ಫಿನ್ಲೆಂಡಿನ ವಿಡಿಯೋ ನೋಡುವುದು. ಅಲ್ಲಿ ಚಳಿಗೆ ಕೆರೆಯೇ ಹೆಪ್ಪುಗಟ್ಟುತ್ತದೆಯಂತೆ. ಅದರ ಮೇಲೆ ನಡೆದು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಪಕ್ಕದಲ್ಲಿ ಕೂತು ಪರ್ಚ್ ಎಂಬ ಮೈಮೇಲೆ ಪಟ್ಟೆಯಿರುವ ಮೀನು ಹಿಡಿಯುತ್ತಾರೆ. "ಕಾಣ್ ಮರಾಯ, ಇವ್ರೂ ನಮ್ಮಂಗೇ. ಒಂದ್ ತೂತ್, ಒಂದ್ ಬಕೆಟ್, ಒಂದ್ ದಾರ" ಎಂದು ನನಗೂ ತೋರಿಸುತ್ತಿದ್ದ. ನಾನು ಮೀನು ನೋಡುತ್ತಿದ್ದೆ. ಅವನು ನೋಡುತ್ತಿದ್ದದ್ದು ಆ ಊರನ್ನು ಎಂದು ನನಗೆ ಹೊಳೆಯಲೇ ಇಲ್ಲ.

ನನ್ನ ತಂಗಿ ಪ್ರತಿಮಾಳಿಗೆ ಅವನನ್ನು ಕೇಳಿದವನು ನಾನೇ. ಅಪ್ಪ ಇಲ್ಲದ ಮನೆ, ಹಿರಿಯನೆಂದರೆ ನಾನು. ಅದೇ ಜೆಟ್ಟಿಯ ಮೇಲೆ ಕೂತು, ಎರಡು ವಾರ ಹಿಂದುಮುಂದು ನೋಡಿ, ಮೂರನೇ ವಾರ ಕೇಳಿಯೇಬಿಟ್ಟೆ. ಅವನು ದಾರವನ್ನು ಒಂದು ಗೇಣು ಮೇಲಕ್ಕೆಳೆದು ಮತ್ತೆ ಇಳಿಸಿದ. ಆಮೇಲೆ "ಆಯ್ತ್" ಅಂದ. ನನಗೆ ಆದ ಸಂತೋಷಕ್ಕೆ ಆ ದಿನ ಸಿಕ್ಕಿದ ಮೀನನ್ನೆಲ್ಲ ಅವನ ಐಸ್ ಪೆಟ್ಟಿಗೆಗೇ ತುಂಬಿ ಕಳಿಸಿದೆ. ಅವನನ್ನು ಸಾಕಿದ ಸೋದರಮಾವ ನಮ್ಮ ಮನೆಗೆ ಬಂದು ಮಾತಾಡಿದರು. ಪ್ರತಿಮಾಳೂ ಅವನೂ ಫೋನಿನಲ್ಲಿ ಮಾತಾಡಲು ಶುರುಮಾಡಿದರು. ಜನವರಿಯ ಒಂದು ಭಾನುವಾರ ನಿಶ್ಚಿತಾರ್ಥ ಎಂದಾಯಿತು. ನನಗೆ ರಜೆ ಸಿಗಲಿಲ್ಲ. ಸುಧಾಕರ ಶನಿವಾರ ರಾತ್ರಿ ವಿಮಾನ ಹತ್ತುವುದೆಂದು ಮಾತಾಗಿತ್ತು.

ಅದಕ್ಕೆ ಎರಡು ದಿನ ಮುಂಚಿನ ಗುರುವಾರ ಸಂಜೆ ಅವನು ಫೋನ್ ಮಾಡಿದ. "ನಾಳೆ ನಾನ್ ಬೇರೆ ಗಾಡಿಯಂಗೆ ಬತ್ತೆ, ನೀನ್ ಮೊದ್ಲ್ ಹೋಗಿ ಕೂತಿರ್" ಅಂದ. ಮದುವೆ ಗಂಡಿಗೆ ಅಂಗಡಿ ಕೆಲಸ ಇರುತ್ತದೆ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ನಮ್ಮ ಕಾಯಂ ಡ್ರೈವರ್ ಶಾಜಿ, ಮಲಯಾಳಿ, ನನ್ನೊಬ್ಬನನ್ನೇ ಕರೆದುಕೊಂಡು ಹೊರಟ. ದಾರಿಯುದ್ದ ಮಂಜು. ಇಲ್ಲಿ ಚಳಿಗಾಲದಲ್ಲಿ ಕೆಲವು ದಿನ ಹಾಗಾಗುತ್ತದೆ. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುವುದಿಲ್ಲ. ನನ್ನನ್ನು ಜೆಟ್ಟಿಯ ಬುಡದಲ್ಲಿ ಇಳಿಸಿ, ಒಂಬತ್ತಕ್ಕೆ ಬರುತ್ತೇನೆಂದು ಹೇಳಿ ಶಾಜಿ ಚಹಾ ಹುಡುಕಿಕೊಂಡು ಹೋದ. ನಾನು ಕಾಲಿನಲ್ಲಿ ನೆಲ ತಡವುತ್ತಾ ಹೋಗಿ ನನ್ನ ತೂತಿನ ಪಕ್ಕ ಕೂತೆ. ಬೆಳಕಾಗಿತ್ತು, ಆದರೆ ಆ ಬೆಳಕು ಬರೀ ಬಿಳುಪು. ಕಡಲು ಕಾಣಲಿಲ್ಲ, ಸದ್ದು ಮಾತ್ರ ಇತ್ತು.

ಹತ್ತು ನಿಮಿಷವಾಗಿರಬೇಕು. ಆಚೆ ತೂತಿನ ಹತ್ತಿರ ಬಕೆಟ್ ಬೋರಲು ಹಾಕಿದ ಸದ್ದಾಯಿತು.

"ಬಂದ್ಯಾ?" ಅಂದೆ.

"ಬಂದೆ. ಎಂತದೂ ಕಾಂತಿಲ್ಲ ಮರಾಯ."

ಸುಧಾಕರನ ಸ್ವರ. ಇದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಮಂಜಿನಲ್ಲಿ ಅವನ ಬೂದು ಜಾಕೆಟಿನ ಆಕಾರವಷ್ಟೇ ಕಂಡಿತು, ಮುಖ ಕಾಣಲಿಲ್ಲ. ಮುಖ ನೋಡಬೇಕು ಎಂದು ಯಾಕೆ ಅನಿಸಬೇಕು? ಮೂರು ವರ್ಷ ನೋಡಿದ ಮುಖ.

ಸ್ವಲ್ಪ ಹೊತ್ತಿನಲ್ಲಿ ನನ್ನ ದಾರ ಗಂಟು ಬಿತ್ತು. ಬೆರಳು ಮರಗಟ್ಟಿತ್ತು, ಬಿಡಿಸಲಾಗಲಿಲ್ಲ. ಗಂಟು ಬಿಡಿಸುವುದರಲ್ಲಿ ಸುಧಾಕರ ನಿಸ್ಸೀಮ. ನಾನಾದರೆ ಕತ್ತರಿಸಿ ಬಿಸಾಡುವವನು, ಅವನು ಕೂತು ಬಿಡಿಸುವವನು. ಹಲಗೆಯ ಸಮೇತ ನೆಲದ ಮೇಲೆ ಅವನ ಕಡೆ ಜಾರಿಸಿದೆ. ಮತ್ತೊಂದು ಗಾಳ ನನ್ನ ಚೀಲದಲ್ಲಿತ್ತು, ಅದನ್ನು ಇಳಿಸಿಕೊಂಡು ಕೂತೆ. ಗಾಳ ಇಳಿಸಿದ ಮೇಲೆ ನಾವು ಹೆಚ್ಚು ಮಾತಾಡುವವರಲ್ಲ. ಒಂದಷ್ಟು ಹೊತ್ತಾದ ಮೇಲೆ ಹಲಗೆ ಸರ್ರೆಂದು ಜಾರಿ ಬಂದು ನನ್ನ ಕಾಲಿಗೆ ತಾಗಿತು. ನೋಡದೆಯೇ ಎತ್ತಿ ಚೀಲಕ್ಕೆ ಹಾಕಿದೆ.

ಆಗ ಅವನು ಹೇಳಿದ: "ಮನೀಗೆ ಒಂದ್ ಫೋನ್ ಮಾಡ್."

"ಯಾಕೆ?"

"ಪ್ರತಿಮಾಗೆ ಮಾಡ್. ಈಗ್ಳೇ ಮಾಡ್."

ನನಗೆ ನಗು ಬಂತು. "ನೀನೇ ಮಾಡ್, ನಾಚ್ಕಿ ಆತ್ತಾ?" ಅಂದೆ. ಅವನು ನಗಲಿಲ್ಲ. ಇನ್ನೊಮ್ಮೆ, ಸಣ್ಣ ಸ್ವರದಲ್ಲಿ, "ಈಗ್ಳೇ ಮಾಡ್" ಅಂದ.

ಮಾಡಬಹುದಿತ್ತು. ಇಲ್ಲಿ ಆರೂವರೆ ಎಂದರೆ ಊರಿನಲ್ಲಿ ಆಗ ಗಂಟೆ ಒಂಬತ್ತು, ಎಲ್ಲರೂ ಎದ್ದಿರುವ ಹೊತ್ತು. ಫೋನು ಜೇಬಿನಲ್ಲೇ ಇತ್ತು. ಕೈಯೆಲ್ಲ ಸಿಗಡಿ ವಾಸನೆ, ಒರೆಸಿಕೊಂಡು ಮಾಡೋಣ ಅಂದುಕೊಂಡೆ. ಅಷ್ಟರಲ್ಲಿ ದಾರ ಜಗ್ಗಿತು. ಒಳ್ಳೆಯ ಹಮೂರ್. ಅದನ್ನು ಎಳೆದು ಐಸಿಗೆ ಹಾಕುವಷ್ಟರಲ್ಲಿ ಇನ್ನೊಂದು. ಆ ಜೆಟ್ಟಿಯಲ್ಲಿ ಒಂದರ ಹಿಂದೆ ಒಂದು ಅಷ್ಟು ದೊಡ್ಡ ಮೀನು ನನಗೆ ಎಂದೂ ಸಿಕ್ಕಿರಲಿಲ್ಲ. ಫೋನಿನ ಮಾತು ಮರೆತೇಹೋಯಿತು.

ಬಿಸಿಲು ಏರಿ ಮಂಜು ಸರಿದಾಗ ನೋಡಿದರೆ ಆಚೆ ತೂತಿನ ಪಕ್ಕ ಯಾರೂ ಇಲ್ಲ. ಬಕೆಟ್ ಇಲ್ಲ, ಒಂದು ಸಿಗಡಿ ಸಿಪ್ಪೆಯೂ ಇಲ್ಲ. ಹೇಳದೆ ಎದ್ದು ಹೋದನಲ್ಲ ಎಂದು ಸಿಟ್ಟು ಬಂತು. ಫೋನ್ ಮಾಡಿದೆ, ಸ್ವಿಚ್ ಆಫ್. ಒಂಬತ್ತಕ್ಕೆ ಶಾಜಿ ಬಂದ. "ಸುಧಾಕರ್ ಭಾಯ್ ಕಿಧರ್?" ಎಂದು ಅವನೇ ನನ್ನನ್ನು ಕೇಳಿದ. ಯಾವ ಗಾಡಿಯೂ ಆ ಕಡೆ ಹೋದದ್ದನ್ನು ತಾನು ನೋಡಲಿಲ್ಲ ಎಂದ. ಅಂಥ ಮಂಜಿನಲ್ಲಿ ಅವನಿಗೆ ಏನು ಕಂಡೀತು, ಅದೂ ಸರಿಯೇ.

ಶನಿವಾರವೂ ಫೋನು ಸ್ವಿಚ್ ಆಫ್. ಪ್ರಯಾಣದ ಗಡಿಬಿಡಿ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ನಾನು ಆಫೀಸಿನಲ್ಲಿದ್ದಾಗ ಅಮ್ಮನ ಫೋನು ಬಂತು. ಅವನ ಮಾವ ಬೆಳಿಗ್ಗೆಯಿಂದ ಮಂಗಳೂರು ಏರ್‌ಪೋರ್ಟಿನಲ್ಲಿ ಕಾದು ಕಾದು ಒಬ್ಬರೇ ವಾಪಸು ಬಂದಿದ್ದರು. ನಿಶ್ಚಿತಾರ್ಥದ ಹಾಲ್‌ನಲ್ಲಿ ಇನ್ನೂರು ಜನ. ಪ್ರತಿಮಾ ಸೀರೆ ಉಟ್ಟು, ಹೂ ಮುಡಿದು ಒಳಗಿನ ಕೋಣೆಯಲ್ಲಿ ಕೂತಿದ್ದಳು. ಮಧ್ಯಾಹ್ನ ಹನ್ನೆರಡೂವರೆಗೆ, ಅಮ್ಮನ ಜೊತೆ ಮಾತಾಡುತ್ತಿರುವಾಗಲೇ, ನನ್ನ ಫೋನಿಗೆ ಹೊಸ ನಂಬರಿನಿಂದ ಸುಧಾಕರನ ಮೆಸೇಜ್ ಬಂತು. ಫಿನ್ಲೆಂಡಿನಲ್ಲಿ ಇದ್ದೇನೆ, ಇಲ್ಲಿ ನರ್ಸ್ ಆಗಿರುವ ಒಬ್ಬಳ ಜೊತೆ ನನ್ನ ರಿಜಿಸ್ಟರ್ ಮದುವೆ ಆಗಿ ವರ್ಷವಾಯಿತು, ಹೇಳಲು ಧೈರ್ಯ ಬರಲಿಲ್ಲ, ಕ್ಷಮಿಸು. ನಾಲ್ಕು ಸಾಲು. ವರ್ಷವೆಂದರೆ, ನಾನು ಜೆಟ್ಟಿಯ ಮೇಲೆ ಕೂತು ತಂಗಿಯ ಮಾತೆತ್ತುವ ಮೊದಲೇ. "ಆಯ್ತ್" ಅಂದಾಗಲೇ ಅವನಿಗೆ ಹೆಂಡತಿ ಇದ್ದಳು.

ಹಾಲ್‌ಗೆ ಬಂದವರು ಊಟ ಮಾಡಿಯೇ ಹೋದರಂತೆ. ಆದ ಅಡುಗೆಯನ್ನು ಏನು ಮಾಡುವುದು. ಇನ್ನೂರು ಎಲೆಗೆ ಬಡಿಸಿದ ನೆಂಟರ ಪೈಕಿ ಪ್ರತಿಮಾಳೂ ಇದ್ದಳು, ಅದೇ ಸೀರೆಯಲ್ಲಿ. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಏನೆಂದು ನನಗೆ ಆ ದಿನ ಗೊತ್ತಾಯಿತು. ಕೊಯ್ದದ್ದು ಅವನು, ತಲೆ ಒಡ್ಡಿದ್ದು ತಂಗಿ, ಒಡ್ಡಿಸಿದವನು ನಾನು.

ಸಂಜೆ ಸಿಟ್ಟಿನಲ್ಲಿ ಬಿನ್ ಮಹಮೂದಿಗೆ ಹೋದೆ. ಶುಕ್ರವಾರ ಬೆಳಿಗ್ಗೆ ನನ್ನ ಪಕ್ಕ ಕೂತು ಗಂಟು ಬಿಡಿಸಿದವನು, ಆಗಲಾದರೂ ಬಾಯಿ ಬಿಡಬಾರದಿತ್ತೇ ಎಂಬುದೇ ನನ್ನ ತಲೆಯಲ್ಲಿ. ಬಾಗಿಲು ತೆಗೆದವನು ಅವನ ಜೊತೆ ಇದ್ದ ಜೋಸ್. "ಶುಕ್ರವಾರ ಎಷ್ಟು ಹೊತ್ತಿಗೆ ಹೋದ?" ಎಂದು ಹಿಂದಿಯಲ್ಲಿ ಕೇಳಿದೆ.

"ಫ್ರೈಡೇ ನಹೀಂ ಭಾಯ್, ಥರ್ಸ್‌ಡೇ. ಮೈನೇ ಖುದ್ ಏರ್‌ಪೋರ್ಟ್ ಛೋಡಾ. ಆಪ್‌ಕೋ ನಹೀಂ ಪತಾ?"

ಗುರುವಾರ ರಾತ್ರಿ ಹತ್ತು ಗಂಟೆಗೆ, ಎರಡು ಸೂಟ್‌ಕೇಸಿನ ಜೊತೆ ತಾನೇ ಏರ್‌ಪೋರ್ಟಿಗೆ ಬಿಟ್ಟೆ ಎಂದ. ಬೂದು ಜಾಕೆಟ್ ಹಾಕಿಕೊಂಡೇ ಹೋದನಂತೆ. ಶುಕ್ರವಾರ ಬೆಳಿಗ್ಗೆ ಇನ್ನೊಂದು ವಿಮಾನ ಬದಲಿಸಲು ಇಳಿದೆ ಎಂದು ಜೋಸ್‌ಗೆ ಮೆಸೇಜ್ ಹಾಕಿದ್ದ. ಬಿಳಿ ಹಲಗೆಯ ಮೇಲೆ ಬೇರೆ ದೇಶದ ಅಕ್ಷರವಿದ್ದ ಏರ್‌ಪೋರ್ಟಿನ ಫೋಟೋ ಕೂಡ ಇತ್ತು. ನಾನು ಜೋಸ್‌ನ ಫೋನಿನಲ್ಲಿ ಅದರ ಸಮಯವನ್ನು ಮೂರು ಸಲ ನೋಡಿದೆ. ನಾನು ಜೆಟ್ಟಿಯಲ್ಲಿ ಕೂತಿದ್ದ ಹೊತ್ತು ಅದು.

ರೂಮಿಗೆ ಬಂದು ಚೀಲದಿಂದ ಗಾಳ ತೆಗೆದೆ. ದಾರದಲ್ಲಿ ಒಂದು ಗಂಟೂ ಇಲ್ಲ, ಎಲ್ಲಿಯೂ ಕತ್ತರಿಸಿಲ್ಲ, ಅಚ್ಚುಕಟ್ಟಾಗಿ ಸುತ್ತಿದೆ. ಸುತ್ತು ಮಾತ್ರ ನನ್ನದರ ಉಲ್ಟಾ. ಸುಧಾಕರ ಎಡಚ. ಅವನು ಸುತ್ತಿದ ದಾರ ನನ್ನ ಕೈಗೆ ಬಂದರೆ ಬಿಚ್ಚುವಾಗ ಯಾವಾಗಲೂ ಎದುರು ದಿಕ್ಕಿಗೆ ತಿರುಗುತ್ತಿತ್ತು, ಅದಕ್ಕೆ ನಾನು ಬೈಯುತ್ತಲೂ ಇದ್ದೆ.

ಸಮಾಧಾನಕ್ಕಾಗಿ ನಾನು ಎಲ್ಲ ಲೆಕ್ಕಾಚಾರವನ್ನೂ ಮಾಡಿದ್ದೇನೆ. ಬೇರೆ ಯಾರೋ ಬಂದು ಕೂತಿದ್ದಿರಬಹುದು. ಆದರೆ ಅವನಿಗೆ ನನ್ನ ತಂಗಿಯ ಹೆಸರು ಹೇಗೆ ಗೊತ್ತು, ಕುಂದಾಪುರದ ಮಾತು ಹೇಗೆ ಬಂತು? ಚಳಿಗೆ ಮಂಪರು ಹತ್ತಿ ಕನಸು ಕಂಡಿರಬಹುದು. ಹಾಗಾದರೆ ಸುತ್ತಿದವರು ಯಾರು? ನಾನೇ ಎಡಗೈಯಲ್ಲಿ ಸುತ್ತಿರಬಹುದು ಎಂದು ಬೇರೆ ಹಲಗೆಯಲ್ಲಿ ಪ್ರಯತ್ನಿಸಿ ನೋಡಿದೆ. ಹತ್ತು ಸುತ್ತಿಗೇ ದಾರ ಜಾರಿ ಮತ್ತೆ ಗಂಟಾಯಿತು. ಆ ಗಾಳವನ್ನು ನಾನು ಈವರೆಗೆ ಬಿಚ್ಚಿಲ್ಲ. ಕಪಾಟಿನಲ್ಲಿದೆ. ಜೆಟ್ಟಿಗೆ ಮತ್ತೆ ಹೋಗಿಲ್ಲ.

ಸುಧಾಕರನನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಅವನ ನಂಬರನ್ನು ಆ ದಿನವೇ ಬ್ಲಾಕ್ ಮಾಡಿದೆ. ಮಾಡದಿದ್ದರೂ ಕೇಳುತ್ತಿರಲಿಲ್ಲ. ಅವನು ಹೌದು ಎಂದರೂ ನನಗೆ ಕಷ್ಟ, ಇಲ್ಲ ಎಂದರೂ ಕಷ್ಟ.

ಯಾಕೆ ಕಷ್ಟ ಎಂದು ಹೇಳಿಬಿಡುತ್ತೇನೆ. ಮರುವರ್ಷ ರಜೆಗೆ ಹೋದಾಗ, ಒಂದು ದಿನ ಪ್ರತಿಮಾ ಬಟ್ಟೆ ಮಡಚುತ್ತಾ, ಯಾವ ಸಿಟ್ಟೂ ಇಲ್ಲದೆ ಹೇಳಿದಳು: "ಅಣ್ಣ, ಅವ್ರ್ ನಾಲ್ಕ್ ದಿನ ಫೋನೇ ತೆಗಿಲಿಲ್ಲ. ನಂಗೆ ಏನೋ ಸಮ ಇಲ್ಲ ಅನ್ಸಿತ್. ನಿನ್ ದೋಸ್ತಿ, ನಾನಾಗಿ ಹೆಂಗ್ ಹೇಳುದ್? ಆ ಶುಕ್ರಾರ ಬೆಳಿಗ್ಗೆ ಫೋನ್ ಹಿಡ್ಕಂಡೇ ಕೂತಿದ್ದೆ. ನೀನ್ ಮಾಡ್ರೆ ಹೇಳ್ವ, ಈ ಸಂಬಂಧ ಬೇಡ ಅಂತ ಹೇಳ್ವ ಅಂದ್ಕಂಡಿದ್ದೆ. ನೀನ್ ಮಾಡ್ಲಿಲ್ಲ."

ಮಂಜಿನಲ್ಲಿ ಕೂತಿದ್ದವನು ಸುಧಾಕರನಲ್ಲ ಎಂದು ನಂಬಿದರೆ ನನ್ನ ತಂಗಿಗೆ ಮೋಸ ಮಾಡಿದವನು ಅವನೊಬ್ಬನೇ. ಅವನೇ ಎಂದು ನಂಬಿದರೆ, ಅವನು ಹೇಗೋ ಬಂದು ಹೇಳಿಹೋದ. ಎರಡು ಮೀನಿಗಾಗಿ ಫೋನು ಮಾಡದೆ ಕೂತವನು ನಾನು. ಆರು ವರ್ಷದಿಂದ ಈ ಎರಡರ ನಡುವೆ ಇದ್ದೇನೆ. ಯಾವುದು ನಿಜವೆಂದು ಗೊತ್ತಿಲ್ಲ.

ಪ್ರತಿಮಾಳಿಗೆ ಈ ಸಂಗತಿಯನ್ನು ಇವತ್ತಿಗೂ ತಿಳಿಸಿಲ್ಲ. ಫೋನ್ ಮಾಡಿ ಹೇಳಬೇಕು ಎಂದು ಪ್ರತಿ ಶುಕ್ರವಾರ ಬೆಳಿಗ್ಗೆ ಅಂದುಕೊಳ್ಳುತ್ತೇನೆ. ಊರಿನಲ್ಲಿ ಗಂಟೆ ಒಂಬತ್ತಾಗುತ್ತದೆ, ಫೋನು ಕೈಯಲ್ಲೇ ಇರುತ್ತದೆ. ಮಾಡುವುದಿಲ್ಲ.