ಒಂದೇ ಮನೆ, ಎರಡು ಜಿಲ್ಲೆ

ಮಾಧವರಂ ಹಾಲಿನ ಡೈರಿಯ ಹಿಂದಿನ ಬೀದಿಯಲ್ಲಿರುವ ಮಧ್ವರಾಜರಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇಲ್ಲ. ಮೈಲಾಪೂರಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ಸಾಂಬಾರು ಕುದಿಸಿ ನಿವೃತ್ತರಾದ ಮೇಲೂ ಗೇಟಿಗೂ ಮಹಡಿಗೂ ನಡುವೆ ಅವರ ಸವಾರಿ ನಡೆದೇ ಇರುತ್ತದೆ. "ಕಾಲಿಗೆ ಚಕ್ರ ಕಟ್ಕಂಡೇ ಹುಟ್ಟಿದ್ರ್" ಎನ್ನುತ್ತಾಳೆ ಹೆಂಡತಿ ಅಮ್ಮಣ್ಣಿ. ನನ್ನನ್ನು ಕೇಳಿದರೆ, ಚಕ್ರ ಇದ್ದದ್ದು ಅವರು ನಿಂತ ನೆಲಕ್ಕೆ.

ನೀವೇ ಲೆಕ್ಕ ಹಾಕಿ. 1953ರಲ್ಲಿ ಕುಂದಾಪುರದ ಹತ್ತಿರ ಅವರು ಹುಟ್ಟಿದಾಗ ಅದು ಮದ್ರಾಸ್ ರಾಜ್ಯ. ನೆಟ್ಟಗೆ ಓಡಾಡಲು ಕಲಿಯುವಷ್ಟರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿತು. ಹದಿನೇಳಕ್ಕೆ ಮದ್ರಾಸಿಗೆ ಬಂದರೆ ಇಲ್ಲಿ ಎಲ್ಲರೂ "ಮೈಸೂರಿನವ" ಅಂದರು. ಆ ಹೆಸರು ಅಭ್ಯಾಸವಾಗುವ ಮೊದಲೇ ಮೈಸೂರು ಹೋಗಿ ಕರ್ನಾಟಕವಾಯಿತು. 1988ರಲ್ಲಿ ಮಾಧವರಂನಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡರು. ಆಗ ಅದು ಚೆಂಗಲ್ಪಟ್ಟು ಜಿಲ್ಲೆ. ನಡುವೆ ಆ ಜಿಲ್ಲೆಗೆ ನಾಯಕರೊಬ್ಬರ ಹೆಸರು ಬಾಲದ ಹಾಗೆ ಅಂಟಿತು, ಆಮೇಲೆ ಉದುರಿತು. 1997ರಲ್ಲಂತೂ ಹುಟ್ಟಿದ ಊರು ಉಡುಪಿ ಜಿಲ್ಲೆಯಾಯಿತು, ಕಟ್ಟಿದ ಮನೆ ತಿರುವಳ್ಳೂರು ಜಿಲ್ಲೆಯಾಯಿತು. ಮಧ್ವರಾಜರು ಮಾತ್ರ ಅದೇ ಬಸ್ಸಿಗೆ ಅದೇ ಹೊತ್ತಿಗೆ ಓಡುತ್ತಿದ್ದರು.

ಹೋಟೆಲಿನ ಕ್ಯಾಶಿಯರ್ ಗುರುಚರಣನಿಗೆ ಇದೇ ಒಂದು ತಮಾಷೆ. ಅವನ ಮನೆ ವೆಸ್ಟ್ ಮಾಂಬಲಂ, ಅಪ್ಪಟ ನಗರ. ರಾತ್ರಿ ಗಲ್ಲಾ ಮುಚ್ಚುವಾಗ, "ಹೊತ್ತಾಯ್ತು ಭಟ್ರೇ, ನಿಮ್ಮ ಜಿಲ್ಲೆಗೆ ಹೊರಡಿ" ಅನ್ನುವನು. ಎಲ್ಲರೂ ನಗುತ್ತಿದ್ದರು. ಮಧ್ವರಾಜರೂ ನಗುತ್ತಿದ್ದರು, ಆದರೆ ಅದು ಒಳಗೆ ಚುಚ್ಚುತ್ತಿತ್ತು. ಇಷ್ಟು ವರ್ಷ ಈ ಊರಿನ ಹೊಟ್ಟೆ ತುಂಬಿಸಿದವನು ಈ ಊರಿನವನಲ್ಲವೇ?

ಹಾಗಾಗಿ 2018ರಲ್ಲಿ ಮಾಧವರಂ ಚೆನ್ನೈ ಜಿಲ್ಲೆಗೆ ಸೇರಿದ ದಿನ ಬೀದಿಗೆಲ್ಲ ಕೇಸರಿಬಾತ್ ಹಂಚಿದರು. ಆ ವಾರವೇ ಕ್ಯೂ ನಿಂತು ಆಧಾರ್ ಕಾರ್ಡಿನಲ್ಲಿ ತಿರುವಳ್ಳೂರು ತೆಗೆಸಿ ಚೆನ್ನೈ ಹಾಕಿಸಿದರು. ಅಮ್ಮಣ್ಣಿಯನ್ನೂ ಕರೆದರು. ಅವಳು ಜಪ್ಪಯ್ಯ ಅನ್ನಲಿಲ್ಲ.

"ಮನೆ ಇದ್ದಲ್ಲೇ ಇತ್ತಲ್ದಾ? ನಾ ಎಂತಕ್ ಹೋಯಿ ಕ್ಯೂ ನಿಲ್ಕ್?"

"ಗಂಡ ಚೆನ್ನೈ, ಹೆಂಡ್ತಿ ತಿರುವಳ್ಳೂರಾ? ಕಂಡವ್ರ್ ನಗಾಡ್ತ್ರ್" ಎಂದು ಅವರು ಎರಡು ವರ್ಷ ಗೊಣಗಿದರು. ಅವಳು ಎರಡು ವರ್ಷ ಕಿವಿಗೇ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಆ ಕೆಟ್ಟ 2020 ಬಂತು. ಜುಲೈ ತಿಂಗಳು, ಲಾಕ್‌ಡೌನ್. ಜಿಲ್ಲೆಯೊಳಗೆ ಓಡಾಡಬಹುದು, ಗಡಿ ದಾಟಬೇಕಾದರೆ ಇ-ಪಾಸ್ ಬೇಕು. ಒಬ್ಬಳೇ ಮಗಳು ವೀಕ್ಷಾ ತುಂಬು ಬಸುರಿ, ಇದ್ದದ್ದು ಪೊನ್ನೇರಿಯಲ್ಲಿ, ಅಂದರೆ ತಿರುವಳ್ಳೂರು ಜಿಲ್ಲೆಯಲ್ಲಿ. ಅಳಿಯ ಮನೀಶ್ ಹೊಸೂರಿನ ಕಾರ್ಖಾನೆಯಲ್ಲೇ ಸಿಕ್ಕಿಬಿದ್ದಿದ್ದ. ಮಧ್ವರಾಜರು ಪಾಸಿಗೆ ಅರ್ಜಿ ಹಾಕಿ ಗಳಿಗೆಗೊಮ್ಮೆ ಮೊಬೈಲ್ ಉಜ್ಜಿ ನೋಡುತ್ತಿದ್ದರು. ಪರಿಶೀಲನೆಯಲ್ಲಿದೆ, ಪರಿಶೀಲನೆಯಲ್ಲಿದೆ. ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. "ಅಪ್ಪಯ್ಯ, ನೋವು ಶುರುವಾಯ್ತು. ಆಂಬುಲೆನ್ಸ್ ಬರ್ತಿದೆ. ಇಲ್ಲಿ ಯಾರೂ ಇಲ್ಲ, ಬಯಮಾ ಇರುಕ್ಕು." ಭಯವಾದರೆ ಅವಳ ಬಾಯಿಗೆ ತಮಿಳೇ ಬರುವುದು.

ಆಮೇಲೆ ಅವರು ಯಾವ ಪಾಸಿಗೂ ಕಾಯಲಿಲ್ಲ. ಅಮ್ಮಣ್ಣಿಯನ್ನು ಹಿಂದೆ ಕೂರಿಸಿಕೊಂಡು ಹಳೆಯ ಟಿವಿಎಸ್ ಓಡಿಸಿದರು. ಪುಳಲ್ ದಾಟಿದ ಮೇಲೆ ರಸ್ತೆಗೆ ಅಡ್ಡ ಬ್ಯಾರಿಕೇಡ್. ಪೊಲೀಸಿನವನು ಇಬ್ಬರ ಕಾರ್ಡನ್ನೂ ತಿರುಗಿಸಿ ತಿರುಗಿಸಿ ನೋಡಿದ.

"ಅಮ್ಮಾ ತಿರುವಳ್ಳೂರ್. ಸೊಂದ ಜಿಲ್ಲಾ, ಪೋಲಾಂ" ಎಂದು ಅವಳ ಕಾರ್ಡು ವಾಪಸು ಕೊಟ್ಟ, ಸ್ವಂತ ಜಿಲ್ಲೆಗೆ ಹೋಗಬಹುದಂತೆ. ಆಮೇಲೆ ಇವರ ಕಡೆ ತಿರುಗಿದ. "ಐಯಾ, ನೀಂಗ ಚೆನ್ನೈ. ಪಾಸ್ ಇಲ್ಲಾಮ ವಿಡ ಮುಡಿಯಾದು."

ಬಿಡಲಾಗದು ಎಂದ. ಇಬ್ಬರೂ ಒಂದೇ ಮನೆಯವರು, ಒಂದೇ ಬಾಗಿಲಿನಿಂದ ಹೊರಟು ಬಂದವರು ಎಂದು ಮಧ್ವರಾಜರು ಬಾಯಿ ಒಣಗುವವರೆಗೆ ಹೇಳಿದರು. ಅವನು ಕೆಟ್ಟವನೇನಲ್ಲ, ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದ ಅಷ್ಟೆ. ಅಲ್ಲಿ ಚೆನ್ನೈ ಎಂದಿತ್ತು. ಇವರೇ ಕ್ಯೂ ನಿಂತು ಬರೆಸಿದ್ದು.

ಅಮ್ಮಣ್ಣಿ ಗಾಡಿಯಿಂದ ಇಳಿಯಲೇ ಇಲ್ಲ. ಮದುವೆಯಾಗಿ ಬಂದ ಲಾಗಾಯ್ತು ಅವಳು ಗಂಡನಿಲ್ಲದೆ ಬಸ್ಸು ಹತ್ತಿದವಳಲ್ಲ. "ಹೋಯ್, ನಾ ಒಬ್ಳೇ ಹ್ಯಾಂಗ್ ಹೋಪುದ್?"

"ಹೋಗ್ ಮಾರಾಯ್ತಿ, ಹುಡ್ಗಿ ಕಾಯ್ತಾ ಇತ್ತ್" ಎಂದರು. ಮಾರುಕಟ್ಟೆಯಿಂದ ಖಾಲಿ ಬರುತ್ತಿದ್ದ ತರಕಾರಿ ವ್ಯಾನೊಂದನ್ನು ಆ ಪೊಲೀಸಿನವನೇ ನಿಲ್ಲಿಸಿ ಅವಳನ್ನು ಹತ್ತಿಸಿದ. ವ್ಯಾನು ಕಣ್ಮರೆಯಾದ ಮೇಲೂ ಇವರು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಈ ಕಡೆಯ ಹುಣಸೆಮರಕ್ಕೂ ಬ್ಯಾರಿಕೇಡಿಗೂ ಸಂಜೆಯವರೆಗೆ ನಡೆದರು. ಎರಡು ವರ್ಷ ಹೆಂಡತಿಗೆ ಬೈದ ಬೈಗುಳವನ್ನೆಲ್ಲ ತಮಗೇ ಬೈದುಕೊಂಡರು. ಐದೂವರೆಗೆ ಅಮ್ಮಣ್ಣಿಯ ಫೋನ್ ಬಂತು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಅವರು ಅಲ್ಲೇ ಮರದ ಬುಡದಲ್ಲಿ ಕೂತು ಅತ್ತರು.

ನಾಲ್ಕನೆಯ ದಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಪಾಸು ಇನ್ನೂ ಪರಿಶೀಲನೆಯಲ್ಲೇ ಇತ್ತು. ಅಮ್ಮಣ್ಣಿ ಆಟೋದವನಿಗೆ ಹೇಳಿ ದಾರಿ ಬಳಸಿಸಿ ಗಡಿಯ ಹತ್ತಿರ ತರಿಸಿದಳು. ವೀಕ್ಷಾ ಆಟೋದಲ್ಲೇ ಒರಗಿ ಅಪ್ಪನಿಗೆ ಕೈ ಬೀಸಿದಳು. ಮಗುವನ್ನು ಎತ್ತಿಕೊಂಡು ಇಳಿದ ಅಮ್ಮಣ್ಣಿ ಬ್ಯಾರಿಕೇಡಿನಿಂದ ಹತ್ತು ಮಾರು ದೂರದಲ್ಲಿ ನಿಂತಳು. ಇತ್ತ ಮಧ್ವರಾಜರು, ಕೈಯಲ್ಲಿ ಬಾಣಂತಿಗೆಂದು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡಿದ ಮೆಣಸಿನ ಸಾರಿನ ಕ್ಯಾರಿಯರು. ಪೊಲೀಸಿನವನು ಅದನ್ನು ತೆಗೆದುಕೊಂಡು ಹೋಗಿ ಆಟೋದಲ್ಲಿಟ್ಟ.

"ಹೋಯ್, ಆಸ್ಪತ್ರೆ ಕಾಗ್ದಕ್ಕೆ ತಾಯಿಮನೆ ವಿಳಾಸ ಕೇಳ್ತ್ರ್" ಎಂದು ಅಮ್ಮಣ್ಣಿ ಅಲ್ಲಿಂದಲೇ ಕೂಗಿದಳು. "ಜಿಲ್ಲೆ ಯಾವ್ದ್ ಬರ್ಸುದ್? ನಿಮ್ದಾ, ನನ್ದಾ?"

ಮಧ್ವರಾಜರು ಬ್ಯಾರಿಕೇಡಿನ ಕಬ್ಬಿಣ ಹಿಡಿದು ತುದಿಗಾಲಲ್ಲಿ ನಿಂತಿದ್ದರು.

"ಯಾವ್ದಾರೂ ಬರ್ಸ್ ಮಾರಾಯ್ತಿ. ಮಗೂನ ಒಂಚೂರ್ ಮೇಲೆ ಎತ್ತ್, ಮುಖ ಕಾಣ್ತಿಲ್ಲೆ."